ತವರದ ಚಮಚ

ದೆವ್ವಗಳ ವಿಷಯ ನನಗೆ ತಿಳಿಯದು. ನನ್ನ ಅಡುಗೆಮನೆಯ ಒಂದು ಚಮಚದ ವಿಷಯವಷ್ಟೇ ಹೇಳುತ್ತೇನೆ.

೧೮೭೯ರ ಮಾರ್ಚಿನಲ್ಲಿ, ನಮ್ಮ ವರ್ಮಾಂಟ್ ಸೀಮೆಯ ದಾರಿಗಳೆಲ್ಲ ಹಿಮದಲ್ಲಿ ಹೂತಿದ್ದಾಗ, ಮಗಳು ಥರ್ಜಾಗೂ ಹೆಣ್ಣುಕುದುರೆ ಜುನೋಗೂ ಒಂದೇ ವಾರದಲ್ಲಿ ಕೆಮ್ಮು ಹತ್ತಿತು. ಮನೆಯಲ್ಲಿದ್ದದ್ದು ಬಂಡಿಯಲ್ಲಿ ಔಷಧಿ ಮಾರುತ್ತ ಬರುವವನಿಂದ ಕೊಂಡ ಒಂದೇ ಸೀಸೆ. 'ಮನುಷ್ಯರಿಗೆ ಒಂದು ಚಮಚ, ಕುದುರೆಗೆ ಅರ್ಧ ಸೀಸೆ' ಎಂದು ಅದರ ಚೀಟಿಯ ಮೇಲೆ ಬರೆದಿತ್ತು.

ಥರ್ಜಾಗೆ ಏಳು ವರ್ಷ, ಮುಂದಿನ ಹಲ್ಲೊಂದು ಬಿದ್ದಿತ್ತು. ಔಷಧಿ ನುಂಗಿದ ಮೇಲೆ ಚಮಚವನ್ನು ಕಚ್ಚಿ ಹಿಡಿದು, ಮೇಪಲ್ ಮರದ ಸಕ್ಕರೆಯ ಚೂರು ತೋರಿಸುವವರೆಗೂ ಬಿಡುತ್ತಿರಲಿಲ್ಲ.

ಅರ್ಧ ಸೀಸೆ ಉಳಿದಾಗ ನನ್ನ ಗಂಡ ಆಸಹೆಲ್, "ಕುದುರೆ ಹೋದ್ರೆ ಹೊಲ ಉಳೋದು ಹೆಂಗೆ? ಮಗೂಗೆ ಶುಂಠಿ ಕಷಾಯ ಕುಡಿಸು ಕಣೇ," ಎಂದರು.

"ಜುನೋಗೇ ಕೊಡಮ್ಮ. ಅದು ಕಹಿ," ಎಂದು ಮಗಳೂ ನಕ್ಕಳು.

ಕೊಟ್ಟವಳು ನಾನೇ. ಕುದುರೆ ಉಳಿಯಿತು. ಮಗಳ ಜೊತೆ ಅವಳ ಚಮಚವನ್ನೂ ಮಣ್ಣು ಮಾಡಿದೆವು.

ಮೇ ತಿಂಗಳಲ್ಲಿ ಜುನೋಗೆ ಮತ್ತೆ ಕೆಮ್ಮು ಬಂತು. ಹೊಸ ಸೀಸೆ ತಂದೆವು. ಸೀಸೆಯನ್ನು ಎಷ್ಟು ತುರುಕಿದರೂ ಕುದುರೆ ಬಾಯಿ ತೆರೆಯಲಿಲ್ಲ. ಆಗಷ್ಟೇ ಕೊಂಡಿದ್ದ ತವರದ ಚಮಚದಲ್ಲಿ ಸುರಿದು ಹಿಡಿದೆ. ತಾನಾಗಿ ಬಾಯಿ ತೆರೆದು, ನುಂಗಿ, ಚಮಚವನ್ನು ಕಚ್ಚಿ ಹಿಡಿಯಿತು. ಮಟಮಟ ಮಧ್ಯಾಹ್ನದ ಲಾಯದಲ್ಲಿ ಹುಲ್ಲಿನ ವಾಸನೆಯಿಲ್ಲ, ಲದ್ದಿಯ ವಾಸನೆಯಿಲ್ಲ, ಬರೀ ಶುಂಠಿ.

"ಸಕ್ಕರೆ ತೋರ್ಸು," ಎಂದರು ಆಸಹೆಲ್, ಬಾಗಿಲಲ್ಲೇ ನಿಂತು.

ತೋರಿಸಿದೆ. ಬಿಟ್ಟಿತು.

ತೊಳೆಯುವಾಗ ನೋಡಿದೆ. ಮೆತ್ತನೆಯ ತವರದ ಮೇಲೆ ಹಲ್ಲಿನ ಗುರುತು ಮೂಡಿತ್ತು. ಸಣ್ಣ ಸಣ್ಣ ಹಲ್ಲು, ನಡುವೆ ಒಂದರ ಜಾಗ ಖಾಲಿ.