ಗೋಡೆ ದಾಟಿದ ನೀಲಿ ವೈರು

“ಬಂತೇನ?” ಶೈಲಶ್ರೀ ಕಿಟಕಿಯಿಂದ ಕೂಗಿದಳು.

“ಇಲ್ಲ!” ಗೋಡೆಯಾಚೆಯಿಂದ ಗುಲ್ನಾಜ ಕೂಗಿದಳು. “ಲಿಸ್ಟ್ ಖಾಲಿ ಐತಿ!”

“ರಿಫ್ರೆಶ್ ಒತ್ತು!”

“ಹತ್ತು ಸಲ ಒತ್ತೇನಿ. ಇನ್ನ ಒತ್ತಿದ್ರ ಮೌಸ್ ಸವದು ಹೊಕ್ಕೈತಿ!”

ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಹಿತ್ತಲ ಗೋಡೆ. ಆ ಗೋಡೆಯ ಮೇಲೆ ನೀಲಿ ವೈರೊಂದು ಹಾದುಹೋಗಿತ್ತು. ಒಂದು ತುದಿ ಶೈಲಾಳ ಕಂಪ್ಯೂಟರಿಗೆ, ಇನ್ನೊಂದು ಗುಲ್ನಾಜಳ ಮನೆಯ ಕಂಪ್ಯೂಟರಿಗೆ. ಎರಡೂ ಒಂದನ್ನೊಂದು ಗುರುತಿಸಿ ಆಟದ ಲಿಸ್ಟಿನಲ್ಲಿ ಹೆಸರು ಬಂದರೆ ಸಾಕು, ಇಬ್ಬರೂ ಕೂಡಿ ಟ್ರ್ಯಾಕ್ಟರ್ ರೇಸ್ ಆಡಬಹುದಿತ್ತು.

ಗುಲ್ನಾಜ ಸೈಕಲ್ಲಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರವಾಗಿತ್ತು. ಶಾಲೆ ಇಲ್ಲ, ಓಣಿಯ ಆಟವೂ ಇಲ್ಲ. ಅವಳ ಅಣ್ಣ ಆಸೀಮನ ಜೆರಾಕ್ಸ್ ಅಂಗಡಿಗೆ ಬಣ್ಣ ಹಚ್ಚುತ್ತಿದ್ದರು. ಹಾಗಾಗಿ ಅಂಗಡಿಯ ಒಂದು ಕಂಪ್ಯೂಟರ್ ಮನೆಗೆ ಬಂದಿತ್ತು. ಐದು ಗಂಟೆಗೆ ಅದು ವಾಪಸ್ ಹೋಗುತ್ತದೆ. ಈಗಲೇ ಮೂರೂವರೆ.

ಶೈಲಾ ತನ್ನ ನೋಟ್‌ಬುಕ್ ತೆರೆದಳು. ವಿಡಿಯೋ ನೋಡಿ ಎಲ್ಲವನ್ನೂ ಬರೆದುಕೊಂಡಿದ್ದಳು. ಅದನ್ನು ನೋಡಿ ಗುಲ್ನಾಜಳೂ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು. ಪ್ರತಿ ಕಂಪ್ಯೂಟರಿಗೂ ಮನೆಯ ನಂಬರಿನಂಥ ಒಂದು ನಂಬರ್ ಕೊಡಬೇಕು.

“ನಿನ್ನ ನಂಬರ್ ಓದು!”

“ಒನ್ ನೈಂಟಿ ಟೂ ಡಾಟ್, ಒನ್ ಸಿಕ್ಸ್‌ಟಿ ಏಟ್ ಡಾಟ್, ಒನ್ ಡಾಟ್, ಫೈವ್.”

“ಕರೆಕ್ಟ್. ನಂದೂ ಅದ ಐತಿ.”

“ಶೈಲಾ, ಇಲ್ಲಿ ಏನೋ ಕಾನ್‌ಫ್ಲಿಕ್ಟ್ ಅಂತ ಬರಾಕತ್ತೈತಿ. ಕೊನೀ ನಂಬರ್ ಬ್ಯಾರೆ ಹಾಕ್ಲೇನ? ನಮ್ಮ ಭಾಯಿ ಅಂಗಡ್ಯಾಗ...”

“ಏನೂ ಮುಟ್ಟಬ್ಯಾಡ! ನಾ ಹೇಳಿದಷ್ಟ ಮಾಡು!”

ಅಷ್ಟರಲ್ಲಿ ಮನೆಯ ಮುಂದಿನ ಹಿಟ್ಟಿನ ಗಿರಣಿ ಶುರುವಾಯಿತು. ಗಿರಣಿ ಶೈಲಾಳ ಮನೆಯವರದೇ. ಅದು ನಡೆಯುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಶೈಲಾ ಗಂಟಲು ಹರಿಯುವಂತೆ ಕೂಗಿದಳು.

“ನೀನ ಏನೋ ತಪ್ಪು ಒತ್ತೀದಿ! ನನ್ನ ನೋಟ್ಸ್ ನೋಡಿ ಬರಿಯಾಕೂ ನಿನಗ ಬರಂಗಿಲ್ಲ!”

ಅವಳ ಮಾತಿನ ನಡುವೆಯೇ ಗಿರಣಿ ನಿಂತುಬಿಟ್ಟಿತ್ತು. ಕೊನೆಯ ಮಾತು ಇಡೀ ಓಣಿಗೆ ಕೇಳಿಸಿತು.

ಗೋಡೆಯಾಚೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು.

“ಗುಲ್ನಾಜ?”

“ಶೈಲಾ, ಲಗೂ ಬಾ ಇಲ್ಲೆ!” ಗಿರಣಿಯಿಂದ ಅವ್ವ ಕರೆದಳು.

ಅಲ್ಲಿ ಹಿಟ್ಟು ಬೀಸಿಸಿಕೊಂಡು ಹೋಗಿದ್ದ ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಅವಳ ಸ್ಟೀಲ್ ಡಬ್ಬಿ.

“ನಾ ಕೊಟ್ಟಿದ್ದು ಜ್ವಾಳ. ಬಂದಿದ್ದು ಗೋದಿ ಹಿಟ್ಟು. ಇದ್ರಾಗ ರೊಟ್ಟಿ ಹೆಂಗ ಬಡೀಲವಾ?”

“ನೀವು ಮತ್ತ ಕುಲಸುಮಬಿ ಒಂದ ಸಂತ್ಯಾಗ ಒಂದ ನಮೂನಿ ಡಬ್ಬಿ ತಂದೀರಿ,” ಅವ್ವ ಅಂದಳು. “ಉಳಿದವ್ರೆಲ್ಲ ಹಿಡಿಕಿಗೆ ಬಟ್ಟಿ ಚಿಂದಿ ಕಟ್ಟಿರ್ತಾರ. ಎರಡೂ ಒಂದ ಥರ ಇದ್ರ ಯಾರ ಹಿಟ್ಟು ಯಾರಿಗೆ ಅಂತ ನಂಗ ಹೆಂಗ ತಿಳೀಬೇಕ್ರಿ?”

ಅವ್ವ ಡಬ್ಬಿಯನ್ನು ಶೈಲಾಳ ಕೈಗೆ ಕೊಟ್ಟಳು. “ಹೋಗು, ಕುಲಸುಮಬಿ ಮನ್ಯಾಗ ಬದ್ಲಿ ಮಾಡ್ಕೊಂಡು ಬಾ.”

ಕುಲಸುಮಬಿ ಅಂದರೆ ಗುಲ್ನಾಜಳ ತಾಯಿ. ಶೈಲಾಳಿಗೆ ಈಗ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ. ಆದರೂ ಹೋದಳು.

ಗುಲ್ನಾಜ ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು. ತಿರುಗಿ ನೋಡಲಿಲ್ಲ. ತಾನು ಬರೆದುಕೊಂಡ ಹಾಳೆಯನ್ನಷ್ಟೇ ಮುಂದೆ ಚಾಚಿದಳು.

“ತಗೋ. ತಪ್ಪು ಎಲ್ಲೈತಿ ಹುಡುಕು.”

ಶೈಲಾ ನೋಡಿದಳು. ಹಾಳೆ ನೋಡಿದಳು, ಸ್ಕ್ರೀನ್ ನೋಡಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ. ತಾನು ಹೇಳಿದ್ದೇ, ತಾನು ಹೇಳಿದ ಹಾಗೇ ಇತ್ತು.

ಎರಡೂ ಕಡೆ ಒಂದೇ ನಂಬರ್, ಒಂದೇ ಥರದ ಆ ಎರಡು ಡಬ್ಬಿಗಳ ಹಾಗೆ. ಕೈಯಲ್ಲಿದ್ದ ಡಬ್ಬಿ ಯಾಕೋ ಭಾರವಾಯಿತು. ಅದನ್ನು ಮೆಲ್ಲಗೆ ಕೆಳಗಿಟ್ಟಳು.

“ಗುಲ್ನಾಜ, ಆಗ ನೀ ಏನೋ ಹೇಳಾಕತ್ತಿದ್ದಿ. ಭಾಯಿ ಅಂಗಡ್ಯಾಗ ಏನು?”

“ಎರಡು ಕಂಪ್ಯೂಟರ್ ಅದಾವ. ಮೊದಲಿನ ಮೂರು ನಂಬರ್ ಎರಡಕ್ಕೂ ಒಂದ. ಕೊನೀದು ಅಷ್ಟ ಬ್ಯಾರೆ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಾಕ ನೀ ಎಲ್ಲಿ ಬಿಟ್ಟಿ?”

ಶೈಲಾ ಹಾಳೆಯನ್ನು ಅವಳ ಕೈಗೆ ವಾಪಸ್ ಕೊಟ್ಟಳು.

“ತಪ್ಪು ನಂದ,” ಅಂದಳು. “ಓಣಿ ತುಂಬ ಕೇಳೂ ಹಂಗ ಒದರಿಬಿಟ್ಟೆ.”

“ಹೌದು. ನಮ್ಮ ಕೋಳಿಗೂ ಗೊತ್ತಾತು ನಂಗ ಬರಿಯಾಕ ಬರಂಗಿಲ್ಲ ಅಂತ,” ಗುಲ್ನಾಜ ಅಂದಳು. ಅವಳು ತಡೆದಿದ್ದ ನಗು ತುಟಿಯಂಚಿನಿಂದ ಹೊರಗೆ ಬಂತು. “ಯಾವ ನಂಬರ್ ಹಾಕ್ಲಿ?”

“ನಿನಗ ಬೇಕಾದ್ದು ಹಾಕು.”

“ಹನ್ನೊಂದು. ಪ್ಲಾಸ್ಟರ್ ಬಿಚ್ಚಾಕ ಇನ್ನ ಹನ್ನೊಂದು ದಿನ ಐತಿ.”

ಶೈಲಾ ಜೋಳದ ಹಿಟ್ಟಿನ ಡಬ್ಬಿ ತಂದು ತಿಪ್ಪವ್ವನಿಗೆ ಮುಟ್ಟಿಸಿ, ಒಂದೇ ಉಸಿರಿಗೆ ಒಳಗೆ ಓಡಿದಳು.

“ಬಂತು! ಲಿಸ್ಟ್‌ನ್ಯಾಗ ನಿನ್ನ ಹೆಸರು ಬಂತು!” ಗೋಡೆಯಾಚೆ ಕಿಟಕಿ ತೆರೆದು ಗುಲ್ನಾಜ ಕಿರುಚಿದಳು.

ಗಂಟೆ ನಾಲ್ಕೂ ಆಗಿರಲಿಲ್ಲ. ರೇಸ್ ಶುರುವಾಯಿತು. ಈ ಆಟವನ್ನು ಶೈಲಾ ಒಬ್ಬಳೇ ನೂರು ಸಲ ಆಡಿದ್ದಳು. ಪ್ರತಿ ತಿರುವೂ ಗೊತ್ತು. ಅವಳ ಕೆಂಪು ಟ್ರ್ಯಾಕ್ಟರ್ ಗುರಿಯ ಹತ್ತಿರ ಬಂದಾಗ, ಗುಲ್ನಾಜಳ ಹಸಿರು ಟ್ರ್ಯಾಕ್ಟರ್ ರಸ್ತೆ ಬಿಟ್ಟು ಹೊಲದಲ್ಲಿ ಹೊರಟಿತ್ತು.

ಹಂಗಲ್ಲ, ಎಡಕ್ಕ ಹೊಳ್ಳು! ಮಾತು ಶೈಲಾಳ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

“ಶೈಲಾ!” ಗೋಡೆಯಾಚೆಯಿಂದ ಕೂಗು ಬಂತು. “ಇಲ್ಲೊಂದು ಕೆರಿ ಐತಿ! ಬಾತುಕೋಳಿ ಅದಾವ! ನೀ ನೋಡೀಯೇನ?”

ನೂರು ಸಲ ಆಡಿದರೂ ಶೈಲಾ ಆ ಕೆರೆ ನೋಡಿರಲಿಲ್ಲ.

“ಇಲ್ಲ!” ಅವಳು ಕೂಗಿದಳು. “ತಡಿ, ಬರಾಕತ್ತೇನಿ!”

ಗುರಿಯ ಗೆರೆ ಎದುರಿಗೇ ಇತ್ತು. ಶೈಲಾ ಟ್ರ್ಯಾಕ್ಟರನ್ನು ಹೊಲದ ಕಡೆಗೆ ತಿರುಗಿಸಿದಳು.