ಬೋರಲಾದ ಅಂಗೈ

ಚಳಿ ಕಾಲು ಕಿತ್ತಿತ್ತು, ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂಥ ದಿನಗಳಲ್ಲೊಂದು ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ಬೀನ್ಸ್ ಮಡಿಯ ಹತ್ತಿರ ಬಂದ ಬೇಡಕ್ಕ ಕೈಯಲ್ಲಿದ್ದ ಬಕೆಟ್ಟನ್ನು ಹಾಗೇ ಕೆಳಗೆ ಬಿಟ್ಟಳು.

ಮಡಿಯನ್ನು ಯಾರೋ ಅಗೆದಿದ್ದರು. ಅಂದವಾಗಿ, ದಾರ ಹಿಡಿದ ಹಾಗೆ ನೇರವಾಗಿ ಅಗೆದಿದ್ದರು. ಹೊದಿಸಿದ್ದ ಒಣಹುಲ್ಲೆಲ್ಲ ಬೇಲಿಯ ಪಕ್ಕ ಕಸದಂತೆ ಬಿದ್ದಿತ್ತು. ತುಂಡಾದ ಎರೆಹುಳಗಳು ಹೊರಳುತ್ತಿದ್ದವು.

ಆ ಪರ್ಮಾಕಲ್ಚರ್ ಫಾರ್ಮಿನಲ್ಲಿ ತರಕಾರಿ ಮಡಿಗೆ ಗುದ್ದಲಿ ಮುಟ್ಟಿಸುವ ಪದ್ಧತಿಯೇ ಇಲ್ಲ. ಮೇಲೆ ಹುಲ್ಲು, ಎಲೆ, ಗೊಬ್ಬರ ಹೊದಿಸಿ ಸುಮ್ಮನಿದ್ದರೆ ಒಳಗಿನ ಉಳುಮೆಯನ್ನು ಹುಳಗಳೇ ಮಾಡುತ್ತವೆ. ಮಲಗಿದ ಮಗುವಿಗೆ ಹೊದಿಸುವಂತೆ ಹೊದಿಸಿ, ವರ್ಷಗಟ್ಟಲೆ ಕಾದು ಎಬ್ಬಿಸಿದ ಮಣ್ಣು ಅದು.

ಮಡಿಯ ಆ ತುದಿಯಲ್ಲಿ, ಹಿಂದಿನ ಸಂಜೆ ಬಂದಿಳಿದ ಹೊಸ ವಾಲಂಟಿಯರ್ ಬೆವರೊರೆಸಿಕೊಳ್ಳುತ್ತ ನಿಂತಿದ್ದ. ಕಸುಬಿನಲ್ಲಿ ಬಡಗಿ. ಮುಖದಲ್ಲಿ ಬಹುಮಾನಕ್ಕೆ ಕಾದವನ ನಗು.

"ಗುಡ್ ಮಾರ್ನಿಂಗ್! ಪೂರ್ತಿ ಪಾಳು ಬಿದ್ದಿತ್ತು. ಸ್ವಲ್ಪ ಕ್ಲೀನ್ ಮಾಡಿದೆ."

"ಪಾಳು?" ಬೇಡಕ್ಕನ ದನಿ ತಣ್ಣಗಿತ್ತು. "ನಿಮ್ಮ ತಲೆ ಮೇಲೂ ಹಾಗೇ ಬೆಳೆದಿದೆಯಲ್ಲ, ಅದನ್ನ ಯಾಕೆ ಬಿಟ್ಟಿರಿ?"

ನಗು ಇಳಿಯಿತು. "ಮಣ್ಣು ಅಗೆದು ಬೈಸಿಕೊಂಡಿದ್ದು ಇದೇ ಮೊದಲು ರೀ."

"ಕೊನೇದೂ ಇದೇ. ಸಂಜೆ ಬಸ್ಸಿದೆ, ಹತ್ತಿ."

ಗಲಾಟೆ ಕೇಳಿ ಅಡುಗೆಮನೆಯಿಂದ ದೊಡ್ಡಮ್ಮ ಬಂದಳು. ಬೇಡಕ್ಕನ ತಾಯಿಯ ಅಕ್ಕ ಆಕೆ, ಆ ಫಾರ್ಮ್ ಕಟ್ಟಿದವಳು. ಮಡಿ ನೋಡಿದಳು, ಬಡಗಿಯನ್ನು ನೋಡಿದಳು.

"ಕೆಡಿಸಿದವನೇ ಕಟ್ಟಲಿ. ಮಡಿ ವಾಸಿ ಆಗೋವರೆಗೂ ಇವನು ನಿನ್ನ ಕೈ ಕೆಳಗೆ."

"ನನಗೆ ಬೇಡ."

"ನಿನಗೆ ಯಾವತ್ತು ಏನು ಬೇಕಾಗಿತ್ತು ತಾಯಿ?" ಅಂದು ಒಳಗೆ ಹೋದಳು.

ಬೇಡಕ್ಕ ಅನ್ನುವ ಹೆಸರು ಬಂದದ್ದು ಸರ್ಕಲ್‌ನಿಂದ. ವಾಲಂಟಿಯರ್‌ಗಳು ಒಂದು ಬೆಳೆಯ ಕಾಲ ಇರುತ್ತಾರೆ. ಕಾಯಂ ಉಳಿಯುವ ಆಸೆ ಯಾರಿಗಾದರೂ ಇದ್ದರೆ ಕೊಯ್ಲಾದ ಮೇಲೆ ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂರುತ್ತಾರೆ, ಅದೇ ಸರ್ಕಲ್. ಅಂಗೈ ಮೇಲಾದರೆ ಇರಲಿ, ಬೋರಲಾದರೆ ಹೊರಡಲಿ. ಒಂದೇ ಒಂದು ಕೈ ಬೋರಲಾದರೂ ಹೊರಡಬೇಕು. ಕಾರಣ ಹೇಳಬೇಕಾಗಿಲ್ಲ. ಇಟ್ಟ ಕೈಯನ್ನು ತಿರುಗಿಸುವ ಹಾಗೂ ಇಲ್ಲ. ಅಲ್ಲಿ ಬೋರಲಾಗುವ ಕೈ ಯಾವಾಗಲೂ ಬೇಡಕ್ಕನದೇ.

ಅಂದಿನಿಂದ ಬೇಡಕ್ಕನಿಗೂ ಬಡಗಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಮಡಿಗೆ ಹಾಸಲು ಅವನು ರಟ್ಟಿನ ಡಬ್ಬಗಳನ್ನು ಬಿಡಿಸಿ ತಂದರೆ, ಅವಳು ಒಂದೊಂದನ್ನೂ ಬೆಳಕಿಗೆ ಹಿಡಿಯುವಳು.

"ಇಲ್ಲಿ ಟೇಪ್ ಉಳಿದಿದೆ."

"ಬೆರಳಗಲ ಇದೆ ರೀ."

"ಹುಳಕ್ಕೆ ಬೆರಳಗಲ ಅಂದ್ರೆ ಹೆದ್ದಾರಿ. ನೀವು ತಿಂತೀರಾ ಟೇಪ್?"

"ನಿಮ್ಮ ಮಾತು ತಿಂತಿದೀನಲ್ಲ, ಟೇಪ್ ಏನು ಮಹಾ."

ಬಾತುಕೋಳಿಗಳನ್ನು ಬಿಡುತ್ತಿದ್ದ ಹುಡುಗಿಯರು ಕಿಸಕ್ಕೆಂದರು. ಬೇಡಕ್ಕ ತಿರುಗಿ ನೋಡಿದಾಗ ಬಾತುಗಳೂ ಸುಮ್ಮನಾದವು.

ಆದರೆ ಕಣ್ಣು ಮಾತಿನಷ್ಟು ವಿಧೇಯವಲ್ಲ. ಅವನು ಬಗ್ಗಿ ಹುಲ್ಲು ಹಾಸುವಾಗ ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ ಜಾರುವುದನ್ನೂ, ಬೀಳುವ ಮೊದಲೇ ಅವನು ನೋಡದೆ ಹಿಡಿಯುವುದನ್ನೂ ಅವಳು ನೋಡುತ್ತಿದ್ದಳು. ನೋಡಿ, ತನ್ನ ಮೇಲೆ ಬಂದ ಸಿಟ್ಟನ್ನು ಅವನ ಮೇಲೆ ಹಾಕುತ್ತಿದ್ದಳು. ಅವನೇನು ಕಡಿಮೆ? ಬೈಗುಳ ಮುಗಿಯುವವರೆಗೂ ಅವಳ ಹುಬ್ಬನ್ನೇ ನೋಡುತ್ತ ನಿಲ್ಲುವನು, ಮರದ ಗೆರೆ ಎತ್ತ ಓಡುತ್ತದೆಂದು ಓದುವವನ ಹಾಗೆ.

ಒಂದು ಮಧ್ಯಾಹ್ನ ಗೊಬ್ಬರದ ರಾಶಿಯ ಕಾವು ಇಳಿದಿದೆಯೇ ಎಂದು ನೋಡಬೇಕಿತ್ತು. ಅವಳು ಈ ಕಡೆಯಿಂದ ಮೊಣಕೈವರೆಗೂ ಕೈ ಹಾಕಿದಳು. ಅವನು ಆ ಕಡೆಯಿಂದ ಹಾಕಿದ. ಒಳಗೆ, ಬೆಚ್ಚಗಿನ ಕತ್ತಲಲ್ಲಿ, ಬೆರಳಿಗೆ ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಹುಳ ಅನ್ಕೊಂಡೆ," ಅಂದಳು ತಡವಾಗಿ.

"ನಾನು ಹಾಗೆ ಅನ್ಕೊಳ್ಲಿಲ್ಲ," ಅಂದ ಅವನು.

ಆಮೇಲೆ ಕೈ ಒರೆಸಿಕೊಳ್ಳುತ್ತ, ಅವಳತ್ತ ನೋಡದೆ ಹೇಳಿದ: "ಕಂಡವರ ಮನೆಗೆ ಬಾಗಿಲು ಮಾಡಿ ಮಾಡಿ ಸಾಕಾಯ್ತು. ಯಾವ ಬಾಗಿಲೂ ನನಗೋಸ್ಕರ ತೆಗೀಲಿಲ್ಲ. ಇಲ್ಲೇ ಉಳೀಬೇಕು ಅಂತಿದೀನಿ. ಸರ್ಕಲ್‌ಗೆ ಹೆಸರು ಕೊಟ್ಟಿದೀನಿ."

ಅವಳು ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು. ಬಾಯಿ ಮಾತ್ರ ರೂಢಿ ಬಿಡಲಿಲ್ಲ. "ಹೆಸರು ಕೊಡೋಕೇನು, ಯಾರು ಬೇಕಾದ್ರೂ ಕೊಡ್ತಾರೆ."

ಫಾರ್ಮಿನ ಮೊದಲ ವರ್ಷ ಬಂದ ಪಂಪ್ ರಿಪೇರಿಯವನು ಅವಳಿಗೆ ಶಿಳ್ಳೆ ಹೊಡೆಯುವುದು ಕಲಿಸಿದ್ದ. ಸರ್ಕಲ್‌ನಲ್ಲಿ ಎಲ್ಲರೂ ಇರಲಿ ಅಂದರು, ಆಗ ಅವಳೂ ಅಂದಳು. ಮರುವರ್ಷ ಬೇಸರವಾಯಿತೆಂದು ಹೊರಟುಹೋದ. ಅಕ್ಕನಂತಿದ್ದ ನರ್ಸ್ ಹೋದಳು, ಪಕ್ಕದ ಹಾಸಿಗೆಯ ಗೆಳತಿ ಹೋದಳು. ಬರುವವರು ಬೆನ್ನುಚೀಲ ಹೊತ್ತು ಬರುತ್ತಾರೆ. ಹೋಗುವಾಗ ಉಳಿದವರ ಎದೆಯಿಂದ ಒಂದು ಹಿಡಿ ಕಿತ್ತು ಅದರಲ್ಲಿ ಹಾಕಿಕೊಂಡು ಹೋಗುತ್ತಾರೆ. ಅವರು ಹೋಗುವ ಮೊದಲು ತಾನೇ ಕಳಿಸಿದರೆ ನೋವು ಕಡಿಮೆ ಎಂದು ಅವಳು ಕಲಿತದ್ದು ಹೀಗೆ.

ಕೊಯ್ಲು ಮುಗಿಯಿತು. ಮೇಜು ಒರೆಸಿದರು. ಅಂಗೈಗಳು ಒಂದೊಂದಾಗಿ ಮೇಲಾದವು. ದೊಡ್ಡಮ್ಮನದೂ ಆಯಿತು. ಬೇಡಕ್ಕ ಕಣ್ಣು ಮುಚ್ಚಿ ಕೈ ಇಟ್ಟಳು. ಬೋರಲು.

ಯಾರೋ "ಅಯ್ಯೋ" ಅಂದರು.

ಬಡಗಿ ಎದ್ದು ನಿಂತ. "ಯಾಕೆ ಅಂತ ಕೇಳಬಹುದಾ?"

"ಕೇಳೋ ರೂಲ್ ಇಲ್ಲ."

"ನಾನು ರೂಲನ್ನ ಕೇಳ್ತಿಲ್ಲ, ನಿಮ್ಮನ್ನ ಕೇಳ್ತಿದೀನಿ. ಕೆಲಸ ಕೆಟ್ಟದಾ?"

"ಅಲ್ಲ."

"ನಾನು ಕೆಟ್ಟವನಾ?"

"ಅಲ್ಲ!" ಅವಳು ಕೂಗಿಯೇಬಿಟ್ಟಳು. "ಬೆಳಿಗ್ಗೆ ನೀನು ಬರೋದು ತಡವಾದ್ರೆ ನನಗೆ ಕೋಪ ಬರುತ್ತೆ. ಬಂದ ಮೇಲೂ ಕೋಪ ಬರುತ್ತೆ. ನಿನ್ನನ್ನ ಬೈಯದ ದಿನ ಊಟ ಸೇರಲ್ಲ. ಹೋಗೋದಾದ್ರೆ ಈಗಲೇ ಹೋಗು. ವರ್ಷ ಕಳೆದು ಹೋದ್ರೆ ನನ್ನ ಕೈಲಿ ತಡೆಯೋಕಾಗಲ್ಲ!"

'ನೀನು' ಅಂದದ್ದು ಅವಳಿಗೆ ಆಮೇಲೆ ತಿಳಿದು, ಮುಖ ಕಿವಿಯವರೆಗೂ ಕೆಂಪಾಯಿತು.

"ಇದನ್ನ ಹೇಳೋಕೆ ಇಷ್ಟು ಬೈಬೇಕಿತ್ತಾ?" ಅಂದ ಬಡಗಿ, ಮೆಲ್ಲಗೆ.

ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ತಿರುಗಿಸಲು ಅವಳ ಬೆರಳುಗಳು ಮೇಜಿನಿಂದ ಅರ್ಧ ಎದ್ದವು. ಆದರೆ ಹಿಂದೊಮ್ಮೆ ಇನ್ನೊಬ್ಬರು ಮನಸ್ಸು ಬದಲಿಸಿದಾಗ, ಇಟ್ಟ ಕೈ ಇಟ್ಟ ಹಾಗೇ ಎಂದು ಹಟ ಹಿಡಿದವಳು ಅವಳೇ. ಇಂದು ತನಗೊಂದು ನ್ಯಾಯ ಬೇಡಲು ನಾಲಿಗೆ ಏಳಲಿಲ್ಲ. ಬಡಗಿಯೂ ಬೇಡಲಿಲ್ಲ.

ಅವನು ಹೊರಡುವ ದಿನ, ಯಾರನ್ನೂ ಎಂದೂ ಬೀಳ್ಕೊಡದವಳು ಗೇಟಿನವರೆಗೆ ಬಂದಳು. ಬಂದವಳು ಅವನ ಬೆನ್ನುಚೀಲದ ಪಟ್ಟಿ ಸಡಿಲವಾಗಿದೆ ಎಂದು ಬೈದಳು.

"ಪೇಟೇಲಿ, ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ನನ್ನ ವರ್ಕ್‌ಶಾಪು," ಅಂದ. "ಗರಗಸದ ಸದ್ದು ಬಂದ ಕಡೆ ತಿರುಗಬೇಕು."

"ನನಗ್ಯಾಕೆ ಅದು?"

"ಸುಮ್ಮನೆ. ಬೈಯೋಕೆ ಯಾರೂ ಸಿಗದಿದ್ರೆ ಅಂತ."

ಬಸ್ಸು ಹೋಯಿತು. ಧೂಳು ಕೂತ ಮೇಲೂ ಅವಳು ನಿಂತೇ ಇದ್ದಳು.

ಮರುದಿನವೆಲ್ಲ ಅವಳು ಯಾರಿಗೂ ಬೈಯಲಿಲ್ಲ. ಮನೆ ಕಂಗಾಲಾಯಿತು. ಸಂಜೆ ಪಾತ್ರೆ ತೊಳೆಯುತ್ತ ದೊಡ್ಡಮ್ಮ, ಸಿಂಕಿಗೆ ಹೇಳುವವಳ ಹಾಗೆ ಹೇಳಿದಳು: "ಸರ್ಕಲ್ ಇರೋದು ವಾಲಂಟಿಯರ್‌ಗೆ. ಈ ಮನೆ ಅಳಿಯನಿಗೆ ಯಾರ ಅಂಗೈಯೂ ಬೇಕಾಗಿಲ್ಲ."

"ನಿನ್ನನ್ನ ಯಾರು ಕೇಳಿದ್ರು?" ಅಂದಳು ಬೇಡಕ್ಕ.

"ಯಾರೂ ಇಲ್ಲ. ಬೆಳಗಿನ ಬಸ್ಸು ಬೇಗ ಬರುತ್ತೆ, ಅಷ್ಟೇ."

ಬಡಗಿ ಹೋದದ್ದು ಗುರುವಾರ. ಬೇಡಕ್ಕ ಹೋದದ್ದು ಶನಿವಾರ, ಮಣ್ಣು ಮೆತ್ತಿದ ಬೂಟಿನಲ್ಲೇ.