ಹರಿದಳದ ಉಂಗುರ

"ಮುಟ್ಟಬ್ಯಾಡಿ ಸಾಮಿ. ನೋಡ್ಬೇಕು ಅಂದ್ರಿ, ನೋಡಿದ್ರಿ. ಮುಚ್ಬುಡ್ತೀನಿ."

ಹೊಂಬಾಳಮ್ಮ ಮಡಕೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಪೂರಿಗಾಲಿಯ ಆ ಮನೆಯ ಒಳಕೋಣೆಗೆ ಕಿಟಕಿಯಿರಲಿಲ್ಲ. ಹಳೆ ರಾಗಿಯ, ಹರಳೆಣ್ಣೆಯ, ಇಲಿಯ ವಾಸನೆ. ಸಂಪತ್ ಕುಮಾರ ಬೆಂಕಿಕಡ್ಡಿ ಗೀರಿದ. ಸುಣ್ಣದ ಪುಡಿಯ ನಡುವೆ ಹೆಬ್ಬೆಟ್ಟಿನ ಗಾತ್ರದ ಹರಳೊಂದು ಜೇನಿನ ಹಳದಿಯಲ್ಲಿ ಒಳಗಿನಿಂದಲೇ ಹೊತ್ತಿಕೊಂಡಿತು.

ಹರಿದಳ. ಪಾಷಾಣದ ಜಾತಿ. ಪದರಪದರವಾಗಿ ಉದುರುವ ಈ ವಿಷದ ಖನಿಜ ಹೀಗೆ ತಿಳಿಯಾದ ಹರಳಾಗಿ ಸಿಗುವುದು ಬಲು ಅಪರೂಪ. ಅವನು ಭಾರತೀನಗರದ ಸಕ್ಕರೆ ಕಾರ್ಖಾನೆಗೆ ಕೆಮಿಸ್ಟ್ ಆಗಿ ಬಂದು ಮೂರೇ ತಿಂಗಳು. ಕಲ್ಲು ಕೂಡಿಡುವ ಹುಚ್ಚು ಮಾತ್ರ ಚಿಕ್ಕಂದಿನದು.

"ಇದ್ನ ತೊಟ್ಟ ಕೈ ತನ್ನೋರ್ನೇ ಉಡುಕ್ಕಂಡು ಓಗಿ ಕೊಲ್ತದೆ," ಮುದುಕಿ ಪಿಸುಗುಟ್ಟಿದಳು. "ದಾಯಾದಿ ಮಾಟ ಮಾಡ್ಸಿ ನಮ್ಮನೆಗೆ ಕೊಟ್ಟ ಕಲ್ಲು. ನಮ್ಮ ಮಾವನ ಅಪ್ಪ ಉಂಗ್ರ ಮಾಡಿಸ್ಕಂಡ. ಅವನ ಕೈಲೇ ಅವನ ಮೂರು ಮಕ್ಕಳು ಓದ್ವು. ಒಂದೇ ಮಧ್ಯಾಹ್ನ."

"ವಿಷ ಇದೆ, ಒಪ್ತೀನಿ. ಅದಕ್ಕೆ ಸೋಪು ಹಾಕಿ ಕೈ ತೊಳೀಬಹುದು. ದೆವ್ವಕ್ಕೆ ಯಾವ ಸೋಪು, ಪುಟ್ಟರಾಜು?" ಸಂಪತ್ ನಕ್ಕ.

ಹೊಸಿಲಾಚೆ ನಿಂತಿದ್ದ ಕಾರ್ಖಾನೆಯ ಫೀಲ್ಡ್‌ಮನ್ ಪುಟ್ಟರಾಜು ನಗಲಿಲ್ಲ. "ಬನ್ನಿ ಸಾರ್. ಈ ಮನೆ ಮುಂದೆ ನಮ್ಮುಡುಗ್ರು ಗೋಲಿನೂ ಆಡಾಕಿಲ್ಲ."

"ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡ್ದು ಓಗಿ," ಎಂದು ಮುದುಕಿ ಎದ್ದಳು. ಅವಳು ಕೊತ್ತಂಬರಿ ಕಿವುಚಿ, ಉಪ್ಪು ಸರಿಯಿದೆಯೇ ಎಂದು ನೋಡಿ ತರುವಷ್ಟರಲ್ಲಿ ಹರಳು ಸಂಪತ್‌ನ ಕರವಸ್ತ್ರದೊಳಗಿತ್ತು. ಲೋಟ ಖಾಲಿ ಮಾಡಿ, ಕೈಮುಗಿದು ಹೊರಟ.

ನೀರು ಚಿಮುಕಿಸಿ ಸಾಣೆ ಹಿಡಿದ. ಮದ್ದೂರಿನ ಅಕ್ಕಸಾಲಿಯ ಹತ್ತಿರ ಚಿನ್ನದ ಉಂಗುರಕ್ಕೆ ಕೂರಿಸಿಕೊಂಡ. ಉಗುರಿಗಿಂತ ಮೆತ್ತಗಿನ ಕಲ್ಲು. ತೊಡಲಿಕ್ಕಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲಿಕ್ಕೆ.

ಅವನ ಹೆಂಡತಿ ಗೋದಾ ಅರ್ಚಕರ ಮಗಳು. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಹಳದಿ ಕಲ್ಲನ್ನು ಕಂಡವಳು ಅದನ್ನು ಕನಕಪುಷ್ಯರಾಗವೆಂದೇ ತಿಳಿದಳು. ದೇವರನ್ನು ಗೇಲಿ ಮಾಡುವ ಗಂಡ ತನಗಾಗಿ, ಹೇಳದೆ, ಸಂತಾನ ಕೊಡುವ ಗುರುವಿನ ಕಲ್ಲು ತಂದಿದ್ದಾನೆ! ಗುರುವಾರ ಬೆಳಗ್ಗೆ ಹಸಿಹಾಲಿನಲ್ಲಿ ಉಂಗುರ ತೊಳೆದು, ಶ್ಲೋಕ ಹೇಳುತ್ತಾ ಅವನ ತೋರುಬೆರಳಿಗೆ ತಾನೇ ತೊಡಿಸಿದಳು. ಅದು ವಿಷದ ಕಲ್ಲೆಂದು ಹೇಳಲು ಹೊರಟ. ಅವಳ ಮುಖದ ಸಂಭ್ರಮ ಕಂಡು ಮನಸ್ಸಾಗಲಿಲ್ಲ. ಹಾಲನ್ನು ಮಾತ್ರ ಬಚ್ಚಲಿಗೆ ಚೆಲ್ಲಿ ಬಂದು ಊಟಕ್ಕೆ ಕುಳಿತ.

ಮೊದಲು ಬಂದದ್ದು ವಾಸನೆ. ಸುಟ್ಟ ಬೆಳ್ಳುಳ್ಳಿ, ಪಾಷಾಣ ಕಾದಾಗ ಬರುವಂಥದು. ಆ ಅಡಿಗೆಮನೆಗೆ ಬೆಳ್ಳುಳ್ಳಿ ಎಂದೂ ಬಂದದ್ದಿಲ್ಲ.

"ಎಲ್ಲಿಂದ ರೀ ಇದು?" ಗೋದಾ ಸಾರು ಬಡಿಸಲು ಬಗ್ಗಿದಳು.

ಅವನ ಬಲಗೈ ಎಲೆಯ ಮೇಲಿನಿಂದ ಎದ್ದಿತು. ಅವನು ಎತ್ತಿರಲಿಲ್ಲ. ಅದು ಅವಳ ಜಡೆ ಹಿಡಿಯಿತು. ಮುಖವನ್ನು ಕಂಬಕ್ಕೆ ಅಪ್ಪಳಿಸಿತು. ಮತ್ತೆ. ಮತ್ತೆ. ಹಲ್ಲೊಂದು ಸಾರಿನ ಪಾತ್ರೆಗೆ ಟಣ್ಣೆಂದು ಬಿತ್ತು. ಎಡಗೈಯಿಂದ ಎಳೆದ, ಆಗಲಿಲ್ಲ. ಸ್ವಂತ ಮಣಿಕಟ್ಟನ್ನೇ ಕಚ್ಚಿ ಹಿಡಿದ. ಬಾಯಿ ತುಂಬ ರಕ್ತ. ಕಿರುಚಾಟ ಕೇಳಿ ಪಕ್ಕದ ಮನೆಯಿಂದ ಓಡಿಬಂದ ಪುಟ್ಟರಾಜು ಬಾವಿಹಗ್ಗದಿಂದ ಆ ತೋಳನ್ನು ಮೈಗೆ ಬಿಗಿಯಬೇಕಾಯಿತು.

ಬೆರಳು ಬದನೆಕಾಯಿಯಂತೆ ಊದಿತ್ತು. ಉಂಗುರ ಅಲುಗಲಿಲ್ಲ.

ಗೋದಾ ತವರಿಗೆ ಹೋಗಬಹುದಿತ್ತು. ಅವಳು ಹಗ್ಗ ಜನಕ್ಕೆ ಕಾಣದಂತೆ ಅವನಿಗೆ ಶಾಲು ಹೊದಿಸಿ ಪೂರಿಗಾಲಿಯ ಬಸ್ಸು ಹತ್ತಿದಳು. ಇಬ್ಬರ ನಡುವೆ ಪುಟ್ಟರಾಜು ಕುಳಿತ.

ಹೊಂಬಾಳಮ್ಮ ಕಳ್ಳನನ್ನು ಬೈಯಲಿಲ್ಲ. ಮೊದಲು ಗೋದಾಳ ಸೀಳಿದ ತುಟಿಗೆ ಬಟ್ಟೆ ಅದ್ದಿ ನೀರು ಹಿಂಡಿದಳು.

"ಬೆರಳು ತೆಗೀಬೇಕು. ಬೆಳಕಲ್ಲಿ ಬುಡಾಕಿಲ್ಲ ಅದು, ಕತ್ಲಲ್ಲೇ ಆಗ್ಬೇಕು. ನೀನು ಆಚೆ ಇರವ್ವ, ನಿನ್ನ ಕಂಡ್ರೆ ಕೆರಳ್ತದೆ."

"ನಿಮಗೇನಾದ್ರೂ ಮಾಡಿದ್ರೆ?"

"ನಾನು ಅವ್ರಿಗೆ ಯಾರೂ ಅಲ್ಲ ಕಣವ್ವ. ನನಗ್ಯಾಕೆ ಮಾಡ್ತದೆ?"

ಒಳಕೋಣೆಯ ಬಾಗಿಲು ಮುಚ್ಚಿತು. ಕಣ್ಣು ಉರಿಸುವ ಬೆಳ್ಳುಳ್ಳಿ ವಾಸನೆ. ಪುಟ್ಟರಾಜು ಹಿಂದಿನಿಂದ ಸಂಪತ್‌ನ ಭುಜ ಒತ್ತಿ ಹಿಡಿದ. ಮುದುಕಿ ಹಗ್ಗ ಸಡಿಲಿಸಿ, ಕೈಯನ್ನು ತಡವಿ, ಅರೆಯುವ ಕಲ್ಲಿನ ಮೇಲಿಟ್ಟಳು. ಕಬ್ಬು ಕಡಿಯುವ ಮಚ್ಚು ಕಲ್ಲಿಗೆ ತಾಗಿ ಕಿರುಗುಟ್ಟಿತು.

ಒರಟು ಅಂಗೈಯೊಂದು ಸಂಪತ್‌ನ ತಲೆ ನೇವರಿಸಿತು. "ಎದ್ರುಕಬ್ಯಾಡ ಮಗ. ಒಂದೇ ಏಟು."

ಅವನೊಳಗೆ ಏನೋ ಕಳಚಿಕೊಂಡಿತು. ಬಿಕ್ಕಿದ.

"ತಪ್ಪಾಯ್ತು... ಅಮ್ಮಾ."

ಮನಸಾರೆ ಅಂದಿದ್ದ.

ಕೈ ಕೇಳಿಸಿಕೊಂಡಿತು.

ಕಲ್ಲಿನಿಂದ ಜಿಗಿಯಿತು. ಮಚ್ಚು ನೆಲಕ್ಕೆ ಬಿತ್ತು. ಕತ್ತಲಲ್ಲಿ ಒದ್ದಾಟ. ಗೊರಗೊರ ಸದ್ದು. "ಬುಡ್ಸಿ, ಯಾರಾದ್ರೂ ಬುಡ್ಸಿ!" ಪುಟ್ಟರಾಜು ಕೂಗಿದ. ಗೋದಾ ಬಾಗಿಲು ಒದ್ದಳು. ಬೆಳಕು ನುಗ್ಗಿತು. ಐದು ಬೆರಳೂ ಮುದುಕಿಯ ಗಂಟಲೊಳಗೆ ಹೂತಿದ್ದವು. ಗೋದಾ ಮಚ್ಚು ಎತ್ತಿದಳು. ಮೊದಲ ಏಟು ಮಣಿಕಟ್ಟಿನ ಮೂಳೆಗೆ. ಎರಡನೆಯದು. ಗಂಡ ಊಳಿಟ್ಟ. ಅವಳು ನಿಲ್ಲಿಸಲಿಲ್ಲ. ಮೂರನೆಯದಕ್ಕೆ ಅವನು ಹಿಂದಕ್ಕೆ ಉರುಳಿದ.

ಕೈ ಅಲ್ಲೇ ಉಳಿಯಿತು.

ಪುಟ್ಟರಾಜು ಅವನನ್ನು ಎತ್ತಿನಗಾಡಿಯಲ್ಲಿ ಮಳವಳ್ಳಿಯ ಆಸ್ಪತ್ರೆಗೆ ಒಯ್ದ. ಅವನು ಬದುಕಿದ. ಹೊಂಬಾಳಮ್ಮನ ಉಸಿರು ಆಗಲೇ ನಿಂತಿತ್ತು. ಊರ ಹೆಂಗಸರು ಎಣ್ಣೆ ಸುರಿದರು, ಬಿಸಿನೀರು ಹೊಯ್ದರು, ಸೌಟಿನ ಹಿಡಿಯಿಂದ ಮೀಟಿದರು. ಬೆರಳು ಬಿಡಲಿಲ್ಲ. ಸಂಜೆಯೊಳಗೆ ಹಾಗೆಯೇ ಮಣ್ಣು ಮಾಡುವುದೆಂದಾಯಿತು.

ಕೊನೆಯಲ್ಲಿ ಗೋದಾ ಗುಂಡಿಗಿಳಿದಳು. ಮುದುಕಿಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಕತ್ತು ಯಾರ ಕಣ್ಣಿಗೂ ಬೀಳದಂತೆ ಸೆರಗನ್ನು ಗಲ್ಲದವರೆಗೆ ಎಳೆದು ಹೊದಿಸಿದಳು.

ಸೆರಗಿನಡಿ ಅದು ಇನ್ನೂ ಬಿಗಿಯುತ್ತಲೇ ಇತ್ತು.